ಬಿಲ್ ಟೆಂಪ್ಲೇಟ್‌ನಲ್ಲಿ ಕನ್ನಡ ಸಾಲು ಮುರಿಯುವುದು ಹೇಗೆ? ‘ಮಸಾಲೆ’ಯ ಎತ್ವ ಕೆಳಗಿನ ಸಾಲಿಗೆ ಬೀಳುತ್ತಿದೆ

ಹುಬ್ಬಳ್ಳಿಮಳೆ (ಕೇಳಿದವರು)
ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ದುರ್ಗದಬೈಲ್ ಹತ್ತಿರ ಮಸಾಲೆ ಅಂಗಡಿ ಇಟ್ಟಿದ್ದಾರೆ. ಅವರಿಗೆ ಬಿಲ್ ಕನ್ನಡದಲ್ಲೇ ಬೇಕು. ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಬಿಲ್ಲಿನ ರೂಪ ಜಿಂಜಾ (ಪೈಥಾನ್‌ನಲ್ಲಿ ನಮೂನೆ ತುಂಬಿಕೊಡುವ ಲೈಬ್ರರಿ) ಟೆಂಪ್ಲೇಟ್‌ನಲ್ಲಿದೆ. ಪ್ರಿಂಟರ್ 58 ಮಿ.ಮೀ. ರೋಲಿನದು. ಇಂಗ್ಲಿಷ್ ಆದರೆ ಸಾಲಿಗೆ 32 ಅಕ್ಷರ ಹಿಡಿಯುತ್ತದೆ. ಅದನ್ನು ಸಾಮಾನಿನ ಹೆಸರಿಗೆ 14, ತೂಕಕ್ಕೆ 8, ರೊಕ್ಕಕ್ಕೆ 10 ಅಂತ ಹಂಚಿದ್ದೇನೆ. ಈ ಪ್ರಿಂಟರ್‌ನೊಳಗೆ ಕನ್ನಡ ಫಾಂಟ್ ಇಲ್ಲ. ಹಾಗಾಗಿ ಟೆಂಪ್ಲೇಟ್‌ನಿಂದ ಬಂದ ಸಾಲುಗಳನ್ನು ಪಿಲ್ಲೋ ಲೈಬ್ರರಿಯಲ್ಲಿ ಚಿತ್ರ ಮಾಡಿ ಕಳಿಸುತ್ತೇನೆ.

ಉದ್ದ ಹೆಸರು ಮುರಿಯಲು, ಹೇಳಿದಷ್ಟು ಅಗಲಕ್ಕೆ ಸಾಲು ಮುರಿಯುವ ಜಿಂಜಾದ ವರ್ಡ್‌ವ್ರ್ಯಾಪ್ ಫಿಲ್ಟರ್‌ಗೆ 14 ಕೊಟ್ಟೆ. ಇಂಗ್ಲಿಷ್ ಹೆಸರು ಸರಿಯಾಗಿ ಬರುತ್ತವೆ. ಕನ್ನಡದಲ್ಲಿ ಎರಡು ತೊಂದರೆ.

‘ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಪುಡಿ’ ಮೂರು ಸಾಲಾಗುತ್ತದೆ. ಕೊನೆಯ ಸಾಲಿನಲ್ಲಿ ಬರೀ ‘ಪುಡಿ’. ಪೇಪರ್ ಸುಮ್ನೆ ಹಾಳು. ಎರಡನೆಯದು ಇನ್ನೂ ಕೆಟ್ಟದ್ದು. ಮಾವ ‘ಉಪ್ಪಿನಕಾಯಿಮಸಾಲೆ’ ಅಂತ ಜಾಗ ಬಿಡದೆ ಟೈಪ್ ಮಾಡಿದ್ದರು. ಬಿಲ್ಲಿನಲ್ಲಿ ‘ಉಪ್ಪಿನಕಾಯಿಮಸಾಲ’ ಅಂತ ಬಂತು. ಕೆಳಗಿನ ಸಾಲಿನಲ್ಲಿ ಚುಕ್ಕಿಚುಕ್ಕಿ ವೃತ್ತದ ಮೇಲೆ ಒಂದು ಎತ್ವ ಮಾತ್ರ ಕೂತಿತ್ತು. ಗಿರಾಕಿ ಅದನ್ನು ತೋರಿಸಿ ‘ಇದೇನು ಗುರುತು?’ ಅಂತ ಕೇಳಿದರಂತೆ. ಮಾವನಿಗೆ ಬೇಜಾರಾಗಿದೆ, ನನಗೂ ಆಗಿದೆ. ಏನು ಮಾಡಬೇಕು?

ಉಣಕಲ್_ಸಂಜೆ
ಎರಡನೆಯದಕ್ಕೆ ಬೇಗ ಆಗುವ ಮದ್ದು ಇದೆ. ಆ ಫಿಲ್ಟರ್‌ಗೆ ‘ಬ್ರೇಕ್ ಲಾಂಗ್ ವರ್ಡ್ಸ್’ ಅಂತ ಒಂದು ಆಯ್ಕೆ ಇದೆ. ನಾವು ಏನೂ ಹೇಳದಿದ್ದರೆ ಅದು ಆನ್ ಇರುತ್ತದೆ. ಆಫ್ ಮಾಡಿ. ಆಮೇಲೆ ಪದದ ಮಧ್ಯ ಕತ್ತರಿ ಹಾಕುವುದಿಲ್ಲ.

ಹುಬ್ಬಳ್ಳಿಮಳೆ
ಮಾಡಿದೆ ಅಣ್ಣಾ. ಎತ್ವ ಈಗ ಬೀಳುತ್ತಿಲ್ಲ, ಆದರೆ ಆ ಪದ ತೂಕದ ಕಾಲಂ ಒಳಗೆ ನುಗ್ಗುತ್ತಿದೆ.

ಪಿಎಚ್‌ಪಿ_ಮಾಸ್ತರ
ನಿಮ್ಮದು ಪರವಾಗಿಲ್ಲ, ಪೈಥಾನ್ ಕನಿಷ್ಠ ಯೂನಿಕೋಡ್ ಚಿಹ್ನೆ ಎಣಿಸುತ್ತದೆ. ಪಿಎಚ್‌ಪಿಯ ವರ್ಡ್‌ವ್ರ್ಯಾಪ್ ಬೈಟ್ (ಕಂಪ್ಯೂಟರ್ ಒಳಗೆ ಅಕ್ಷರ ಇಡುವ ಸಣ್ಣ ಅಳತೆ) ಎಣಿಸುತ್ತದೆ. ಅದರ ರೂಢಿಯ ಅಗಲ 75. ಕನ್ನಡದ ಮಟ್ಟಿಗೆ ಅದು 25 ಚಿಹ್ನೆ ಅಷ್ಟೇ. ಉದ್ದ ಪದ ಕತ್ತರಿಸು ಅಂತ ಹೇಳಿಬಿಟ್ಟರೆ ಒಂದು ಚಿಹ್ನೆಯ ಮೂರು ಬೈಟ್ ನಡುವೆಯೇ ಕತ್ತರಿ ಬೀಳುತ್ತದೆ. ಆಮೇಲೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ. ಧಾರವಾಡದಲ್ಲಿ ಒಂದು ಸಂಸ್ಥೆಗೆ ಹಾಜರಾತಿ ಪತ್ರದ ಟೆಂಪ್ಲೇಟ್ ಮಾಡಿಕೊಟ್ಟಾಗ ಇದೇ ಆಗಿತ್ತು. ಎರಡು ದಿನ ಡೇಟಾಬೇಸ್ ಕೆಟ್ಟಿದೆ ಅಂತ ಅಲ್ಲೇ ಹುಡುಕಿದೆ. ತಪ್ಪು ಇದ್ದದ್ದು ಸಾಲು ಮುರಿಯುವಲ್ಲಿ.

ಬೆಳವಲ
ಕನ್ನಡಕ್ಕೆ 2 ಬೈಟ್ ಅಲ್ವಾ ಮಾಸ್ತರ?

ಪಿಎಚ್‌ಪಿ_ಮಾಸ್ತರ
ಅಲ್ಲ. ಯೂನಿಕೋಡ್ ಚಿಹ್ನೆಯನ್ನು ಬೈಟ್ ಆಗಿ ಇಡುವ ರೀತಿ ಬೇರೆ ಬೇರೆ ಇವೆ. ಯುಟಿಎಫ್-16ರಲ್ಲಿ 2. ಯುಟಿಎಫ್-8ರಲ್ಲಿ 3. ‘ಗದಗ’ 9 ಬೈಟ್, ‘ಹುಬ್ಬಳ್ಳಿ’ 27 ಬೈಟ್.

ಬೆಳವಲ
ಸರಿ, ತಿದ್ದಿಕೊಂಡೆ. ನಾನು ಎಸ್ಎಂಎಸ್ ಲೆಕ್ಕ ತಲೆಯಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ಕನ್ನಡಕ್ಕೆ ಒಂದೊಂದು ಚಿಹ್ನೆಗೂ 2 ಬೈಟ್. ಅದಕ್ಕೇ ಇಂಗ್ಲಿಷಿನ 160 ಜಾಗದಲ್ಲಿ ಕನ್ನಡಕ್ಕೆ 70 ಸಿಗುತ್ತದೆ. ನಮ್ಮ ಸಂಘದ ಸಭೆಯ ಎಸ್ಎಂಎಸ್ ಟೆಂಪ್ಲೇಟ್ ಬರೆಯುವಾಗ ಆ 70ರಲ್ಲಿ ಒತ್ತಾಟ ನೋಡಬೇಕು. ಊರ ಹೆಸರೇ ಅರ್ಧ ತಿನ್ನುತ್ತದೆ. ಉದ್ದವಾಗಿ ಎರಡು ತುಂಡಾದರೆ ಒಂದೊಂದಕ್ಕೆ 67 ಮಾತ್ರ.

ಸಾಧನಕೇರಿ_ದಡ
ಮೂಲ ಪ್ರಶ್ನೆಗೆ ಬರೋಣ. ಯಾಕೆ ಹೀಗಾಗುತ್ತದೆ ಅಂದರೆ, ನಾವು ಅಕ್ಷರ ಅನ್ನುವುದೂ ಕಂಪ್ಯೂಟರ್ ಎಣಿಸುವುದೂ ಬೇರೆ ಬೇರೆ. ‘ಹುಬ್ಬಳ್ಳಿ’ ಅಂದರೆ ಮಕ್ಕಳು ಮೂರು ಅಕ್ಷರ ಅಂತಾರೆ: ಹು, ಬ್ಬ, ಳ್ಳಿ. ಒಳಗೆ ಇರುವುದು ಒಂಬತ್ತು: ಹ, ಕೊಂಬು, ಬ, ಹಲಂತ, ಬ, ಳ, ಹಲಂತ, ಳ, ಗುಡಿಸು. ಪೈಥಾನ್‌ಗೆ ಇದರ ಉದ್ದ 9. ‘ಧಾರವಾಡ’ ಕಣ್ಣಿಗೆ ನಾಲ್ಕು, ಒಳಗೆ 6. ‘ಗದಗ’ ಕಣ್ಣಿಗೂ ಮೂರು, ಒಳಗೂ ಮೂರು.

ಈಗ ನಿಮ್ಮ ‘ಉಪ್ಪಿನಕಾಯಿಮಸಾಲೆ’ ಎಣಿಸಿ. ಒಟ್ಟು 15 ಬರುತ್ತದೆ. ಹದಿನಾಲ್ಕನೆಯದು ಲ, ಹದಿನೈದನೆಯದು ಎತ್ವ. ಫಿಲ್ಟರ್ ಹೇಳಿದ ಹಾಗೇ ಕೇಳಿದೆ, 14ಕ್ಕೆ ಸರಿಯಾಗಿ ಕತ್ತರಿಸಿದೆ. ಎತ್ವ ತನ್ನ ಲ ಬಿಟ್ಟು ಕೆಳಗೆ ಹೋಯಿತು. ವ್ಯಂಜನ ಇಲ್ಲದ ಸ್ವರ ಚಿಹ್ನೆ ಸಾಲಿನ ಮೊದಲಿಗೆ ಬಂದರೆ ಅಕ್ಷರ ಮೂಡಿಸುವ ವ್ಯವಸ್ಥೆ ಅದರ ಜೊತೆ ಚುಕ್ಕಿ ವೃತ್ತ ಹಾಕುತ್ತದೆ. ಗಿರಾಕಿ ಕೇಳಿದ ಗುರುತು ಅದೇ.

ಮೆಣಸಿನಕಾಯಿ ಪುಡಿಯದ್ದೂ ಇದೇ ಕಥೆ. ಕಣ್ಣಿಗೆ 13 ಅಕ್ಷರ, ಮೂರು ಖಾಲಿ ಜಾಗ. ಯಂತ್ರಕ್ಕೆ ಜಾಗ ಸೇರಿ 29.

ಏಲಕ್ಕಿಹಾರ
ಹಾಗಾದರೆ ಗ್ರಾಫೀಮ್ (ಒಂದೇ ಅಕ್ಷರ ಅಂತ ಹಿಡಿಯುವ ಚಿಹ್ನೆಗಳ ಗುಂಪು) ಎಣಿಸುವ ಲೈಬ್ರರಿ ಹಾಕಿ. ಮುಗಿಯಿತು.

ಸಾಧನಕೇರಿ_ದಡ
ಮುಗಿಯುವುದಿಲ್ಲ ಅಕ್ಕಾ. ಗ್ರಾಫೀಮ್ ನಿಯಮ ಎತ್ವವನ್ನು ಲ ಜೊತೆ ಇಟ್ಟುಕೊಳ್ಳುತ್ತದೆ, ಅಷ್ಟು ಒಳ್ಳೆಯದು. ಆದರೆ ಒತ್ತಕ್ಷರ ಒಡೆಯುತ್ತದೆ. ‘ಹುಬ್ಬಳ್ಳಿ’ಯನ್ನು ಅದು ಐದು ಮಾಡುತ್ತದೆ: ಹು, ಬ್, ಬ, ಳ್, ಳಿ. ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯದಿರುವ ಒಂದು ಹೊಸ ನಿಯಮ ಬಂತು. ಅದರಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಸೇರಿಸಿದರು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಏಲಕ್ಕಿಹಾರ
ತೆಲುಗು ಇದೆ, ಕನ್ನಡ ಇಲ್ಲವೇ! ಎರಡರ ಒತ್ತಕ್ಷರವೂ ಒಂದೇ ಥರ ಕೆಳಗೆ ಕೂರುತ್ತವಲ್ಲ. ನನಗೆ ಗೊತ್ತಿರಲಿಲ್ಲ. ನಾನು ಹಾವೇರಿಯಲ್ಲಿ ಲಗ್ನಪತ್ರಿಕೆ ಮಾಡುತ್ತೇನೆ, ಅದರ ವೆಬ್ ಪುಟದಲ್ಲಿ ಇದೇ ಲೈಬ್ರರಿ ಹಾಕಿದ್ದೇನೆ. ಇವತ್ತೇ ಪರೀಕ್ಷೆ ಮಾಡುತ್ತೇನೆ.

ನವಲಗುಂದ_ಜಮಖಾನ
ಇಷ್ಟೆಲ್ಲ ಯಾಕೆ? ಸಾಮಾನಿನ ಹೆಸರು ಇಂಗ್ಲಿಷಿನಲ್ಲಿ ಹಾಕಿ. 32 ಅಕ್ಷರದಲ್ಲಿ ಕುಳಿತುಕೊಳ್ಳುತ್ತದೆ, ವೇಗವಾಗಿ ಪ್ರಿಂಟ್ ಆಗುತ್ತದೆ. ಚಿತ್ರ ಮಾಡುವ ಕೆಲಸವೂ ಇಲ್ಲ.

ಕಡ್ಡಿಮೆಣಸು
ಅದನ್ನು ಒಪ್ಪುವುದಿಲ್ಲರೀ. ನಾವು ಬ್ಯಾಡಗಿಯವರು. ನಮ್ಮ ಅವ್ವ ಮಾರುಕಟ್ಟೆಯಿಂದ ಬಂದ ಪ್ರತಿ ಚೀಟಿ ಓದಿ ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿದ್ದರೆ ಕಡ್ಡಿ ಮೆಣಸಿನಕಾಯಿಗೆ ಎಷ್ಟು, ಡಬ್ಬಿ ಮೆಣಸಿನಕಾಯಿಗೆ ಎಷ್ಟು ಅಂತ ಅವರೇ ನೋಡುತ್ತಾರೆ. ಇಂಗ್ಲಿಷ್ ಇದ್ದರೆ ನನ್ನ ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಕಡ್ಡಿ, ಡಬ್ಬಿ ಎರಡರ ದರ ಬೇರೆ. ಅಲ್ಲಿ ತಪ್ಪಾದರೆ ರೊಕ್ಕ ಹೋಗುತ್ತದೆ. ಬಿಲ್ ಓದುವುದು ರೊಕ್ಕ ಕೊಡುವವರ ಹಕ್ಕು.

ಉಣಕಲ್_ಸಂಜೆ
ಸರಿಯಾದ ಮಾತು. ಮಾವನೂ ಅದಕ್ಕೇ ಕನ್ನಡ ಕೇಳಿರಬೇಕು.

ನವಲಗುಂದ_ಜಮಖಾನ
ನಾನು ಕನ್ನಡ ಬೇಡ ಅನ್ನಲಿಲ್ಲ, ಸುಲಭ ದಾರಿ ಹೇಳಿದೆ. ಆದರೂ ಅವ್ವನ ಮಾತು ಕೇಳಿದ ಮೇಲೆ ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸಾಧನಕೇರಿ_ದಡ
ಅಕ್ಷರ ಒಡೆಯದೆ ಎಣಿಸಲು ನಾನು ಪಠ್ಯದಲ್ಲಿ ಮಾದರಿ ಹುಡುಕುವ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಇಟ್ಟುಕೊಂಡಿದ್ದೇನೆ. ಬಾಯಿ ಮಾತಿನಲ್ಲಿ ಹೇಳುತ್ತೇನೆ, ಬರೆದುಕೊಳ್ಳಿ. ಮೊದಲು ಒಂದು ವ್ಯಂಜನ. ಅದಾದ ಮೇಲೆ ‘ಹಲಂತ ಮತ್ತು ಇನ್ನೊಂದು ವ್ಯಂಜನ’ ಎಷ್ಟು ಸಲ ಬೇಕಾದರೂ ಬರಬಹುದು. ‘ರಾಷ್ಟ್ರ’ದಲ್ಲಿ ಎರಡು ಸಲ ಬರುತ್ತದಲ್ಲ, ಹಾಗೆ. ಆಮೇಲೆ ಸ್ವರ ಚಿಹ್ನೆ ಇರಬಹುದು, ಅಥವಾ ಕೊನೆಗೆ ಹಲಂತವೇ ನಿಲ್ಲಬಹುದು. ಆಮೇಲೆ ಅನುಸ್ವಾರ, ವಿಸರ್ಗ. ವ್ಯಂಜನ ಇಲ್ಲದಿದ್ದರೆ ಬಿಡಿ ಸ್ವರ, ಅದರ ಜೊತೆಗೂ ಅನುಸ್ವಾರ ಇರಬಹುದು. ಉಳಿದ ಯಾವುದೇ ಚಿಹ್ನೆ ಒಂದೊಂದೇ.

ಮೂರು ಕಡೆ ಎಡವುತ್ತೀರಿ, ನೋಡಿಕೊಳ್ಳಿ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಶೂನ್ಯ ಅಗಲದ್ದು. ಅದು ವ ಕೆಳಗೆ ಒತ್ತಾಗದಂತೆ ತಡೆಯುತ್ತದೆ. ಅದನ್ನು ಹಿಂದಿನ ಅಕ್ಷರದ ಜೊತೆಗೇ ಹಿಡಿಯಿರಿ. ‘ರ‍್ಯಾಂಕ್’ನಲ್ಲಿ ರ ಮತ್ತು ಹಲಂತದ ನಡುವೆ ಅಂಥದೇ ಇನ್ನೊಂದು ಇರುತ್ತದೆ. ಅದು ನಿಯಮದಲ್ಲಿ ಇಲ್ಲದಿದ್ದರೆ ರ ಒಂದು ಕಡೆ, ಯಾ ಒಂದು ಕಡೆ. ಮೂರನೆಯದು ನುಕ್ತಾ. ‘ಫ಼ೈಲ್’ ಅಂತ ಕೆಳಗೆ ಚುಕ್ಕಿ ಇಟ್ಟು ಬರೆಯುವವರು ಇದ್ದಾರೆ. ವ್ಯಂಜನ ಆದ ತಕ್ಷಣ ಅದಕ್ಕೂ ಜಾಗ ಕೊಡಿ.

ಬೆಳವಲ
ಓಕಾರವನ್ನೂ ಸೇರಿಸಿ. ‘ಕೋ’ ಒಳಗಿನ ಚಿಹ್ನೆ ಒಂದೇ ಆಗಿರಬಹುದು, ಬಿಡಿಸಿ ಇಟ್ಟಿದ್ದರೆ ಮೂರಾಗಿರಬಹುದು. ಎರಡೂ ತೆರೆಯ ಮೇಲೆ ಒಂದೇ ಥರ ಕಾಣುತ್ತವೆ. ಎಣಿಸುವ ಮೊದಲು ಕೂಡಿಸಿದ ರೂಪಕ್ಕೆ ತಂದುಕೊಳ್ಳಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಇದೆ, ಎನ್ಎಫ್‌ಸಿ ಕೊಡಿ.

ಹುಬ್ಬಳ್ಳಿಮಳೆ
ತುಂಬಾ ಉಪಕಾರವಾಯಿತು. ರಾತ್ರಿ ಕೂತು ಮಾಡಿದೆ. ಈಗ ಮೆಣಸಿನಕಾಯಿ ಪುಡಿ ಎರಡೇ ಸಾಲು. ‘ಬ್ಯಾಡಗಿ ಕಡ್ಡಿ ಮೆಣಸಿನಕಾಯಿ’ ಜಾಗ ಸೇರಿ 13, ಹದಿನಾಲ್ಕರೊಳಗೆ ಬಂತು. ಕೆಳಗೆ ‘ಪುಡಿ’.

ಆದರೆ ಪ್ರಿಂಟ್ ತೆಗೆದರೆ ಆ ಮೊದಲ ಸಾಲು ತೂಕದ ಮೇಲೆ ಹತ್ತಿದೆ. ‘ಕಾಯಿ’ ಮತ್ತು ‘250’ ಒಂದರ ಮೇಲೊಂದು. ಎಣಿಕೆ ಸರಿ ಇದೆ, ಜಾಗ ಸಾಲುತ್ತಿಲ್ಲ. ಈಗ ನಿಜಕ್ಕೂ ತಲೆ ಕೆಟ್ಟಿದೆ.

ಅಚ್ಚುಮೊಳೆ
ತಮ್ಮಾ, ನಾನು ಗದಗ-ಬೆಟಗೇರಿಯವನು. ನಮ್ಮ ಅಪ್ಪನದು ಅಚ್ಚಿನ ಮನೆ ಇತ್ತು. ನನಗೆ ಪೈಥಾನ್ ಬರುವುದಿಲ್ಲ, ಆದರೆ ಸಾಲು ಮುರಿಯುವುದು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಕೈಯಲ್ಲಿ ಮೊಳೆ ಜೋಡಿಸುವಾಗ ಅಪ್ಪ ಎಂದೂ ಅಕ್ಷರ ಎಣಿಸಲಿಲ್ಲ. ಅವರ ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್ ಇರುತ್ತಿತ್ತು. ಸಾಲು ಎಷ್ಟು ಅಗಲ ಬೇಕೋ ಅಷ್ಟಕ್ಕೆ ಅದನ್ನು ಬಿಗಿದುಕೊಳ್ಳುತ್ತಿದ್ದರು. ಆಮೇಲೆ ಮೊಳೆ ಇಡುತ್ತಾ ಹೋಗುವುದು. ‘ರ’ ಸಣ್ಣ ಮೊಳೆ. ‘ಯ’, ‘ಮ’ ಅಗಲದ ಮೊಳೆ. ಹತ್ತು ರ ಹಿಡಿಯುವ ಜಾಗದಲ್ಲಿ ಹತ್ತು ಯ ಹಿಡಿಯುವುದಿಲ್ಲ. ಸ್ಟಿಕ್ ತುಂಬಿತು ಅಂದರೆ ಸಾಲು ಮುಗಿಯಿತು. ಉಳಿದ ಚೂರು ಜಾಗವನ್ನು ಪದಗಳ ನಡುವೆ ಸ್ಪೇಸ್ ಹಾಕಿ ಬಿಗಿ ಮಾಡುತ್ತಿದ್ದರು. ಬಿಗಿಯಾಗದಿದ್ದರೆ ಮೊಳೆ ಉದುರುತ್ತವೆ.

ನೀನು ಇನ್ನೂ ಎಣಿಸುತ್ತಿದ್ದೀಯ. ಮೊದಲು ಚಿಹ್ನೆ ಎಣಿಸಿದೆ, ಈಗ ಅಕ್ಷರ ಎಣಿಸುತ್ತಿದ್ದೀಯ. ಇಂಗ್ಲಿಷಿನ ಆ ಪ್ರಿಂಟರ್ ಅಕ್ಷರ ಎಲ್ಲ ಒಂದೇ ಅಗಲ, ಅಲ್ಲಿ ಎಣಿಕೆ ನಡೆಯುತ್ತದೆ. ನಿನ್ನ ಕನ್ನಡ ಫಾಂಟ್ ಹಾಗಿಲ್ಲ. ಅಳೆಯಲು ಏನಾದರೂ ಉಪಾಯ ಇದೆಯಾ ನೋಡು.

ಉಣಕಲ್_ಸಂಜೆ
ಕಾಕಾ, ನೀವು ಹೇಳಿದ್ದೇ ಉತ್ತರ. ಇದನ್ನೇ ಕೋಡ್‌ನಲ್ಲಿ ಹೇಳುತ್ತೇನೆ.

58 ಮಿ.ಮೀ. ರೋಲಿನಲ್ಲಿ ಅಚ್ಚಾಗುವ ಅಗಲ 48 ಮಿ.ಮೀ. ಅಂದರೆ 384 ಚುಕ್ಕಿ. ಪ್ರಿಂಟರ್‌ನ ದೊಡ್ಡ ಇಂಗ್ಲಿಷ್ ಅಕ್ಷರ 12 ಚುಕ್ಕಿ ಅಗಲ. 384 ಭಾಗ 12, ಅದಕ್ಕೇ 32. ನಿಮ್ಮ 14 ಅಂದರೆ 168 ಚುಕ್ಕಿ, 8 ಅಂದರೆ 96, 10 ಅಂದರೆ 120. ಇನ್ನು ಮುಂದೆ 14 ಮರೆತುಬಿಡಿ, 168 ನೆನಪಿಡಿ. ಅದೇ ನಿಮ್ಮ ಸ್ಟಿಕ್.

ಪಿಲ್ಲೋದಲ್ಲಿ ಟೆಕ್ಸ್ಟ್‌ಲೆಂಗ್ತ್ ಅಂತ ಒಂದು ಮೆಥಡ್ ಇದೆ. ಪಠ್ಯ ಮತ್ತು ಫಾಂಟ್ ಕೊಟ್ಟರೆ ಎಷ್ಟು ಪಿಕ್ಸೆಲ್ ಅಂತ ಹೇಳುತ್ತದೆ. ಒಂದೊಂದೇ ಪದ ಸೇರಿಸುತ್ತಾ ಇಡೀ ಸಾಲನ್ನು ಅಳೆಯಿರಿ. 168 ದಾಟಿದರೆ ಆ ಪದ ಕೆಳಗಿನ ಸಾಲಿಗೆ. ಒಂದೇ ಪದ 168ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸಾಧನಕೇರಿಯವರ ನಿಯಮದಿಂದ ಅಕ್ಷರ ಅಕ್ಷರ ಸೇರಿಸಿ ಅಳೆಯಿರಿ. ಅವರ ಕೆಲಸ ಹಾಳಾಗಲಿಲ್ಲ. ಎಲ್ಲಿ ಕತ್ತರಿಸಬಹುದು ಅಂತ ಅದು ಹೇಳುತ್ತದೆ, ಯಾವಾಗ ಅಂತ ಅಳತೆ ಹೇಳುತ್ತದೆ.

ಅಕ್ಷರಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಬೇಡಿ. ಜೋಡಿಸಿದ ಸಾಲನ್ನೇ ಅಳೆಯಿರಿ. ಒತ್ತು ಕೆಳಗೆ ಹೋದಾಗ ಅಗಲ ಬದಲಾಗುತ್ತದೆ.

ಇದನ್ನು ಫಂಕ್ಷನ್ ಮಾಡಿ ಜಿಂಜಾ ಎನ್ವಿರಾನ್‌ಮೆಂಟ್‌ನ ಫಿಲ್ಟರ್ಸ್ ಡಿಕ್ಷನರಿಗೆ ಒಂದು ಹೆಸರು ಕೊಟ್ಟು ಸೇರಿಸಿ. ಟೆಂಪ್ಲೇಟ್‌ನಲ್ಲಿ ವರ್ಡ್‌ವ್ರ್ಯಾಪ್ ಇದ್ದ ಜಾಗದಲ್ಲಿ ನಿಮ್ಮ ಫಿಲ್ಟರ್ ಹೆಸರು ಬರೆದರೆ ಆಯಿತು.

ಸಾಧನಕೇರಿ_ದಡ
ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ಪಿಲ್ಲೋ ಜೊತೆ ರಾಕ್ಮ್ ಲೈಬ್ರರಿ ಇದೆಯಾ ಮೊದಲು ನೋಡಿ. ಫೀಚರ್ಸ್ ಮಾಡ್ಯೂಲ್‌ನ ಚೆಕ್ ಕೇಳಿದರೆ ಹೌದು, ಇಲ್ಲ ಅಂತ ಹೇಳುತ್ತದೆ. ಅದಿಲ್ಲದಿದ್ದರೆ ಒತ್ತಕ್ಷರ ಜೋಡಣೆ ಆಗುವುದಿಲ್ಲ. ‘ಬ್ಬ’ ಬದಲು ಹಲಂತದ ಬ್, ಪಕ್ಕದಲ್ಲಿ ಬ. ಆಗ ಅಳತೆಯೂ ತಪ್ಪು, ಅಚ್ಚೂ ತಪ್ಪು.

ಪಿಎಚ್‌ಪಿ_ಮಾಸ್ತರ
ಅಚ್ಚುಮೊಳೆ ಅವರಿಗೆ ಒಂದು ಪ್ರಶ್ನೆ. ಪದ ಹಿಡಿಯದಿದ್ದರೆ ನಿಮ್ಮ ಅಪ್ಪ ಹೈಫನ್ ಹಾಕುತ್ತಿದ್ದರಾ?

ಅಚ್ಚುಮೊಳೆ
ಕೆಲವು ಸಲ ಹಾಕುತ್ತಿದ್ದರು. ಹೆಚ್ಚಾಗಿ ಪದ ಒಡೆಯದೆ ನಡೆಸುತ್ತಿದ್ದರು. ಒಡೆಯಲೇಬೇಕಾದರೆ ಪ್ರತ್ಯಯ ಬರುವಲ್ಲಿ ಒಡೆಯುತ್ತಿದ್ದರು. ‘ಮನೆಯವರಿಗೆಲ್ಲ’ ಅಂದರೆ ‘ಮನೆಯವ’ ಅಂತ ಒಡೆದರೆ ಬೈಗುಳ, ‘ಮನೆಯವರಿ’ ಅಂದರೂ ಬೈಗುಳ. ‘ಮನೆ’ ಮೇಲೆ, ‘ಯವರಿಗೆಲ್ಲ’ ಕೆಳಗೆ. ಓದುವವರ ನಾಲಿಗೆ ಎಡವಬಾರದು ಅಂತಿದ್ದರು.

ಬೆಳವಲ
ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ 1007ರ ಶಾಸನ ನೋಡಿದ್ದೀರಾ? ಅಲ್ಲಿ ಪದಗಳ ನಡುವೆ ಜಾಗವೇ ಇಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ನಿಲ್ಲುತ್ತದೆ, ಪದ ಕೆಳಗಿನ ಸಾಲಿಗೆ ಹರಿಯುತ್ತದೆ. ಹೈಫನ್ ಅನ್ನುವ ಮಾತೇ ಇಲ್ಲ. ನಮ್ಮ ಕಡೆ ಸಾಲು ಮುರಿಯುವ ಅಭ್ಯಾಸ ಸಾವಿರ ವರ್ಷಕ್ಕಿಂತ ಹಳೆಯದು. ನನಗೆ ಈ ಮಾತು ಬರೆಯುವಾಗಲೇ ಮೈ ಜುಂ ಅನ್ನುತ್ತದೆ.

ಕಡ್ಡಿಮೆಣಸು
ಮುಂದಿನ ವಾರ ಗದಗಕ್ಕೆ ಬರುತ್ತಿದ್ದೇನೆ, ನೋಡಿಕೊಂಡು ಬರುತ್ತೇನೆ.

ಏಲಕ್ಕಿಹಾರ
ನನ್ನ ಪರೀಕ್ಷೆ ಮುಗಿಯಿತು. ಸಾಧನಕೇರಿಯವರು ಹೇಳಿದ್ದು ನಿಜ, ನನ್ನ ಲಗ್ನಪತ್ರಿಕೆಯಲ್ಲಿ ‘ಕಲ್ಯಾಣ’ ಒಂದು ಕಡೆ ಒಡೆದಿತ್ತು. ಮೇಲೆ ‘ಕಲ್’, ಕೆಳಗೆ ‘ಯಾಣ’. ಮದುವೆ ಮನೆಯವರು ಇನ್ನೂ ನೋಡಿಲ್ಲ, ಸರಿ ಮಾಡಿದೆ. ಆದರೆ ನನ್ನದು ವೆಬ್ ಪುಟ. ಅಲ್ಲೂ ಪಿಕ್ಸೆಲ್ ಅಳೆಯಬೇಕಾ?

ಉಣಕಲ್_ಸಂಜೆ
ಬೇಡ ಅಕ್ಕಾ. ಅಲ್ಲಿ ಟೆಂಪ್ಲೇಟ್‌ನಲ್ಲಿ ಸಾಲು ಮುರಿಯಲೇಬೇಡಿ. ಬ್ರೌಸರ್ ತಾನೇ ಅಳೆದು ಮುರಿಯುತ್ತದೆ. ಪಠ್ಯ ಕೂರುವ ಚೌಕದ ಅಗಲವನ್ನು ಪುಟದ ರೂಪ ಹೇಳುವ ಸಿಎಸ್ಎಸ್‌ನಲ್ಲಿ ಹೇಳಿ ಸಾಕು. ಟೆಂಪ್ಲೇಟ್ ಹಾಕಿದ ಹೊಸ ಸಾಲು ಎಚ್‌ಟಿಎಂಎಲ್‌ನಲ್ಲಿ ಬರೀ ಖಾಲಿ ಜಾಗ ಆಗಿಬಿಡುತ್ತದೆ. ಅಗಲವನ್ನು ‘ಸಿಎಚ್’ ಲೆಕ್ಕದಲ್ಲೂ ಕೊಡಬೇಡಿ. ಅದು ಸೊನ್ನೆ ಅಂಕಿಯ ಅಗಲ, ಕನ್ನಡ ಅಕ್ಷರದ್ದಲ್ಲ. ಪುಟಕ್ಕೆ ಭಾಷೆ ಕನ್ನಡ ಅಂತ ಗುರುತು ಹಾಕುವುದನ್ನು ಮರೆಯಬೇಡಿ.

ಪಿಎಚ್‌ಪಿ_ಮಾಸ್ತರ
ಬರೀ ಪಠ್ಯದ ಇಮೇಲ್ ಕಳಿಸುವವರು ಮಾತ್ರ ಟೆಂಪ್ಲೇಟ್‌ನಲ್ಲೇ ಮುರಿಯಬೇಕಾಗುತ್ತದೆ. ಇಮೇಲ್ ನಿಯಮದಲ್ಲಿ ಸಾಲು 78 ದಾಟದಿದ್ದರೆ ಒಳ್ಳೆಯದು, 998 ದಾಟಲೇಬಾರದು. ಮತ್ತೆ, ಮುರಿದ ಮೇಲೆ ಇಂಡೆಂಟ್ ಫಿಲ್ಟರ್ ಹಾಕುವವರು ಅಗಲ ಅಷ್ಟು ಕಡಿಮೆ ಮಾಡಿ. ಜಿಂಜಾದಲ್ಲಿ ಅದು ಮೊದಲ ಸಾಲು ಬಿಟ್ಟು ಉಳಿದದ್ದನ್ನು 4 ಜಾಗ ಒಳಗೆ ತಳ್ಳುತ್ತದೆ. 78ಕ್ಕೆ ಮುರಿದಿದ್ದರೆ ಸಾಲು 82ಕ್ಕೆ ಹೋಗುತ್ತದೆ.

ಹುಬ್ಬಳ್ಳಿಮಳೆ
ಬಂತು! ಇವತ್ತು ಮಧ್ಯಾಹ್ನ ಅಂಗಡಿಯಲ್ಲೇ ಕೂತು ಪ್ರಿಂಟ್ ತೆಗೆದೆ. ರಾಕ್ಮ್ ಇತ್ತು. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಮೆಣಸಿನಕಾಯಿ ಪುಡಿ ಎರಡು ಸಾಲು: ಮೇಲೆ ‘ಬ್ಯಾಡಗಿ ಕಡ್ಡಿ’, ಕೆಳಗೆ ‘ಮೆಣಸಿನಕಾಯಿ ಪುಡಿ’. ಅದಕ್ಕೆ ಫಾಂಟ್ ಸ್ವಲ್ಪ ಸಣ್ಣ ಮಾಡಬೇಕಾಯಿತು. ತೂಕದ ಕಾಲಂ ದಾರ ಹಿಡಿದ ಹಾಗೆ ನೇರ ನಿಂತಿದೆ. ‘ಉಪ್ಪಿನಕಾಯಿಮಸಾಲೆ’ಗೆ ಮಾವ ತಾವೇ ನಡುವೆ ಜಾಗ ಕೊಟ್ಟರು, ಅದೂ ಸರಿಯಾಯಿತು.

ಒಂದು ತೊಂದರೆ ಬಂದಿತ್ತು, ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಸಾಲಿನ ಎತ್ತರ ಇಂಗ್ಲಿಷಿನ ಹಾಗೆ 24 ಚುಕ್ಕಿ ಇಟ್ಟಿದ್ದೆ. ‘ಕಡ್ಡಿ’ಯ ಒತ್ತು ಅರ್ಧ ಕತ್ತರಿಸಿಹೋಗಿತ್ತು. 36 ಮಾಡಿದೆ, ಪೂರ್ತಿ ಬಂತು.

ಅಚ್ಚುಮೊಳೆ ಕಾಕಾ, ನಿಮ್ಮ ಅಪ್ಪನ ಸ್ಟಿಕ್ ವಿಷಯ ಮಾವನಿಗೆ ಓದಿ ಹೇಳಿದೆ. ಅವರು ಅಂಗಡಿ ಶುರು ಮಾಡಿದಾಗ ಬಿಲ್ ಪುಸ್ತಕ ಬೆಟಗೇರಿಯಲ್ಲೇ ಅಚ್ಚು ಹಾಕಿಸಿದ್ದರಂತೆ. ಹಳೆಯ ಪುಸ್ತಕ ಹುಡುಕಿ ತೆಗೆದರು. ಅದರಲ್ಲಿ ಒಂದು ಒತ್ತೂ ತಪ್ಪಿಲ್ಲ.

ಅಚ್ಚುಮೊಳೆ
ಕೆಳಗಡೆ ಅಚ್ಚಿನ ಮನೆಯ ಹೆಸರು ಇರುತ್ತದೆ ತಮ್ಮಾ. ಇಲ್ಲಿ ಬರೆಯಬೇಡ, ನನಗೆ ಬೇರೆ ಸಂದೇಶ ಕಳಿಸು. ನಮ್ಮದೇ ಇರಬಹುದು.

ನವಲಗುಂದ_ಜಮಖಾನ
ನಮ್ಮ ಅಂಗಡಿಯಲ್ಲಿ 80 ಮಿ.ಮೀ. ಪ್ರಿಂಟರ್ ಇದೆ. ನಾನೂ ಕನ್ನಡಕ್ಕೆ ಬದಲಾಯಿಸೋಣ ಅಂತಿದ್ದೇನೆ. 384 ಬದಲು ಎಷ್ಟು ಹಾಕಬೇಕು?

ಹುಬ್ಬಳ್ಳಿಮಳೆ
576 ಅಣ್ಣಾ. ಹೆಸರಿಗೆ 300 ಕೊಟ್ಟು ಒಂದು ಪ್ರಿಂಟ್ ತೆಗೆದು ನೋಡಿ. ಫಿಲ್ಟರ್ ಕೋಡ್ ಸಂಜೆ ಕಳಿಸುತ್ತೇನೆ.